ಭಟ್ಕಳಕ್ಕೆ ಹೋದ ಮಾತು

ದೆವ್ವ, ಶಕುನ, ಪವಾಡ ಯಾವುದನ್ನೂ ನಾನು ನಂಬಿದವನಲ್ಲ. ಹಿರೇಗುತ್ತಿಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಯಾರಾದರೂ ಅಂಥ ಕಥೆ ತೆಗೆದರೆ "ನಿಮ್ಮ ಭೂತ ಎಷ್ಟು ವೋಲ್ಟಿನದು?" ಎಂದು ಗೇಲಿ ಮಾಡುತ್ತಿದ್ದೆ. ಈಗ ಗೇಲಿ ಬಿಟ್ಟಿದ್ದೇನೆ.

ಎಂಬತ್ತರ ದಶಕದ ಆರಂಭ. ನನಗೆ ಹ್ಯಾಮ್ ರೇಡಿಯೋ ಹುಚ್ಚು, ಮನೆಯಲ್ಲೇ ಕೂತು ದೂರದೂರಿನವರ ಜೊತೆ ಮಾತಾಡುವ ಹವ್ಯಾಸ. ಮುಂಬಯಿಯ ಗುಜರಿಯಿಂದ ತಂದ ಮಿಲಿಟರಿ ವಾಲ್ವುಗಳಿಂದ ನಾನೇ ಒಂದು ಲೀನಿಯರ್ ಕಟ್ಟಿದ್ದೆ. ಸೆಟ್ಟಿನ ಬಡಕಲು ಧ್ವನಿಗೆ ಬಲ ತುಂಬಿ ಏರಿಯಲ್ ತಂತಿಗೆ ಕಳಿಸುವ ಪೆಟ್ಟಿಗೆ ಅದು. ಭಟ್ಕಳದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಇಸ್ಮಾಯಿಲನ ಜೊತೆ ದಿನಾ ಅದರಲ್ಲೇ ಹರಟೆ.

ಆ ವರ್ಷ ನನ್ನ ತಾಯಿ, ಅವ್ವಿ, ಹಾಸಿಗೆ ಹಿಡಿದಿದ್ದಳು. ಒಂದು ಮಧ್ಯಾಹ್ನ ಡಾಕ್ಟರು ಕೈಚೆಲ್ಲಿದರು. ಅವಳದು ಒಂದೇ ಮಾತು: "ಗಣಪ ಬಂದ್ನಾ?" ನನ್ನ ತಮ್ಮ ಗಣಪ ಭಟ್ಕಳದಲ್ಲಿ ಮೀನಿನ ಬೋಟಿಗೆ ಹೋಗುತ್ತಿದ್ದ. ಅಂದು ಸಂಜೆ ಬೋಟು ಹೊರಟರೆ ಮರಳುವುದು ನಾಲ್ಕು ದಿನಕ್ಕೆ. ಅಂಚೆ ಕಚೇರಿಗೆ ಹೋದರೆ ಟ್ರಂಕ್ ಕಾಲ್ ಸಿಗಲಿಲ್ಲ. ಮನೆಗೆ ಓಡಿಬಂದು, ಲೀನಿಯರ್ ಹಚ್ಚಿ, ವಾಲ್ವು ಬಿಸಿಯಾದದ್ದೇ ಇಸ್ಮಾಯಿಲನನ್ನು ಕೂಗಿದೆ.

"ಇದೆಂತ ಮಾಸ್ತರ್ರೇ, ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಉಂಟು!" ಎಂದ. ವಿಷಯ ಹೇಳಿದೆ. "ಆತು, ಈಗ್ಲೇ ಬಂದರಿಗೆ ಓಡ್ತೆ."

ಲೀನಿಯರ್ ಆರಿಸುವಷ್ಟರಲ್ಲಿ ಹೆಂಡತಿ ಕಿಟಕಿಯ ಹೊರಗಿನಿಂದ ಕೇಳಿದಳು, "ಈ ವಾಯರು ಇಲ್ಲೇ ಬಾಟ್ಲಿಲಿ ಅದಲ್ರಾ?"

ಗುಡುಗಿನ ದಿನಗಳಲ್ಲಿ ಏರಿಯಲ್ ವಾಯರು ಕಿತ್ತು, ತುದಿಯನ್ನು ಕಿಟಕಿಯಾಚೆ ಗಾಜಿನ ಬಾಟಲಿಯೊಳಗೆ ಇಡುವುದು ನಮ್ಮ ರೂಢಿ. ಹಿಂದಿನ ರಾತ್ರಿ ಹಾಗೆ ಇಟ್ಟವನು ಗಡಿಬಿಡಿಯಲ್ಲಿ ಮತ್ತೆ ಸಿಕ್ಕಿಸಿರಲೇ ಇಲ್ಲ. ನನ್ನ ಮಾತು ಹೊರಹೋಗಲು ದಾರಿಯೇ ಇರಲಿಲ್ಲ, ಅವನದು ಒಳಬರಲೂ. ಅಷ್ಟು ಹೊತ್ತು ಹಾಗೆ ಓಡಿಸಿದರೆ, ಹೊರಹೋಗದ ಬಲವೆಲ್ಲ ಒಳಗೇ ಉಳಿದು ವಾಲ್ವು ಕೆಂಪಗೆ ಕಾದು ಸತ್ತೇಹೋಗಬೇಕು. ನೋಡಿದರೆ ಎಲ್ಲವೂ ನೆಟ್ಟಗಿದ್ದವು.

ಬೋಟಿನ ಹಗ್ಗ ಬಿಚ್ಚುವಾಗ ಇಸ್ಮಾಯಿಲ್ ತಲುಪಿದನಂತೆ. ಗಣಪ ಕೊನೇ ಬಸ್ಸಿಗೆ ಬಂದ. ಅವ್ವಿ ಅವನ ಕೈ ಹಿಡಿದುಕೊಂಡೇ ಇದ್ದು, ಬೆಳಗಾಗುವಾಗ ಹೋದಳು.

ತಿಂಗಳ ನಂತರ ಬೇಕೆಂದೇ ವಾಯರು ಕಿತ್ತು ಕೂಗಿ ನೋಡಿದೆ. ಕ್ಷಣದಲ್ಲಿ ವಾಲ್ವು ಕೆಂಪೇರಿದವು, ಆರಿಸಿಬಿಟ್ಟೆ. ಇಸ್ಮಾಯಿಲನಿಗೆ ಏನೂ ಕೇಳಿರಲಿಲ್ಲ. ನೆಲದ ತೇವ, ಗಾಳಿ, ಮೋಡ ಎಂದು ಕಾರಣ ಹುಡುಕುತ್ತ ಪುಸ್ತಕ ತಿರುವಿ ಸುಸ್ತಾದೆ.

ಗಣಪ ಪ್ರತಿ ವರ್ಷ ಆಯುಧ ಪೂಜೆಗೆ ಬಂದು ಆ ಪೆಟ್ಟಿಗೆಯ ಮೇಲೆ ಹೂವಿಡುತ್ತಾನೆ. ವಾಯರಿನ ವಿಷಯ ಅವನಿಗೆ ನಾನು ಹೇಳಿಲ್ಲ. ಆ ಹೂವು ಸಲ್ಲಬೇಕಾದದ್ದು ಪೆಟ್ಟಿಗೆಗೋ ಬೇರೆ ಯಾರಿಗೋ, ನನಗೆ ಇಂದಿಗೂ ಗೊತ್ತಿಲ್ಲ.