ತಂಪಕ್ಕನ ನೇರಳೆ ದೀಪ

ತಂಪಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಎಸಿ ರಿಪೇರಿ ಮಾಡುವವಳು ಎಂಬ ಕಾರಣಕ್ಕೆ ಬಂದದ್ದೇ ಹೊರತು ಸ್ವಭಾವಕ್ಕಲ್ಲ. ಸ್ವಭಾವ ನೋಡಿ ಇಟ್ಟಿದ್ದರೆ ಕೆಂಡಕ್ಕ ಎನ್ನಬೇಕಿತ್ತು. ಒಂದು ಸ್ಕ್ರೂ ತಿರುಗದಿದ್ದರೆ ಅದನ್ನು ಮಾಡಿದವನ ವಂಶವನ್ನೆಲ್ಲ ಜಾಲಾಡಿಬಿಡುತ್ತಿದ್ದಳು. ಆದರೆ ಅವಳು ಕೈಯಿಟ್ಟ ಯಂತ್ರ ಮತ್ತೆ ತಕರಾರು ಮಾಡುತ್ತಿರಲಿಲ್ಲ. ಹಾಗಾಗಿ ಜನ ಬೈಗುಳವನ್ನೂ ರಿಪೇರಿಯ ಭಾಗವೆಂದೇ ಸಹಿಸಿಕೊಂಡಿದ್ದರು.

ಈ ಕಸುಬಿಗೆ ಅವಳನ್ನು ದೂಡಿದವರು ಅತ್ತೆ. ಮದುವೆಯಾದ ಹೊಸದರಲ್ಲಿ ಸೊಸೆ ಕೆಟ್ಟ ಫ್ಯಾನು ಬಿಚ್ಚಿ ಜೋಡಿಸಿದ್ದನ್ನು ಕಂಡು, "ಈ ಕೈ ಬರೀ ಪಾತ್ರೆ ತೊಳೆಯೋಕೆ ಹುಟ್ಟಿದ್ದಲ್ಲ" ಎಂದು ತೀರ್ಪು ಕೊಟ್ಟರು. ಗಂಡ ಹೊಲಿಗೆ ಅಂಗಡಿಯ ಸಾಧು ಮನುಷ್ಯ. "ಹೆಂಗಸು ಏಣಿ ಹತ್ತೋದಾ?" ಎಂದು ಅವನು ಗೊಣಗಿದಾಗ ಅತ್ತೆಯೇ, "ನೀನಂತೂ ಹತ್ತಲ್ಲ, ಅವಳಾದ್ರೂ ಹತ್ತಲಿ ಬಿಡೋ" ಎಂದು ಮಗನ ಬಾಯಿ ಮುಚ್ಚಿಸಿದ್ದರು. ತಂಪಕ್ಕ ಕೆಲಸ ಕಲಿಯಲು ಹೋದಾಗ ಎಳೆ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಸಾಕಿದವರೂ ಅವರೇ. ಹಾಗಂತ ಅತ್ತೆ ಸೊಸೆ ಹಾಲು ಸಕ್ಕರೆಯಂತಿದ್ದರು ಎಂದುಕೊಳ್ಳಬೇಡಿ. ಬೆಳಗಾದರೆ ಹಾವು ಮುಂಗುಸಿ. ಆದರೂ ಒಬ್ಬರು ಉಣ್ಣದೆ ಇನ್ನೊಬ್ಬರು ಉಣ್ಣುತ್ತಿರಲಿಲ್ಲ.

ಆ ಅತ್ತೆಯೇ ಈಗ ಮನೆ ಬಿಡುವ ಮಾತೆತ್ತಿದ್ದರು. ಈ ಹೊಸ ಬಾಡಿಗೆ ಮನೆಗೆ ಬಂದಾಗಿನಿಂದ ಅವರಿಗೆ ಕೆಮ್ಮು. ಇಡೀ ಮನೆಗೆ ಒಂದೇ ದೊಡ್ಡ ಎಸಿ. ಅದು ಹಾಲ್‌ಗೂ ಅಡುಗೆಮನೆಗೂ ನಡುವಿನ ಗೂಡಿನಲ್ಲಿ ಕುಳಿತು ತಗಡಿನ ಕೊಳವೆಗಳಲ್ಲಿ ಕೋಣೆ ಕೋಣೆಗೂ ಗಾಳಿ ಕಳಿಸುತ್ತಿತ್ತು. ಅದು ಶುರುವಾದರೆ ಸಾಕು, ಹಸಿ ಗೋಣಿಚೀಲದ ವಾಸನೆ, ಅದರ ಬೆನ್ನಿಗೇ ಅತ್ತೆಯ ಕೆಮ್ಮು. ಆರಿಸಿದರೆ ಸೆಕೆಗೆ ಜೀವ ಬಾಯಿಗೆ ಬರುತ್ತಿತ್ತು. ಶ್ವಾಸಕೋಶ ಗಟ್ಟಿಯಾಗಿಯೇ ಇದೆ, ಮನೆಯಲ್ಲಿ ಎಲ್ಲಾದರೂ ಬೂಷ್ಟು ಹಿಡಿದಿದೆಯೇ ನೋಡಿ ಎಂದರು ಡಾಕ್ಟರು. ಬೇರೆ ಊರಿನಲ್ಲಿದ್ದ ಅತ್ತೆಯ ಮಗಳು, "ನಮ್ಮನೆಗೆ ಬಂದ್ಬಿಡಮ್ಮ, ಬರೋ ತಿಂಗಳು ಕರ್ಕೊಂಡು ಹೋಗ್ತೀನಿ" ಎಂದಳು. ಅತ್ತೆ ಹೂಂ ಅಂದುಬಿಟ್ಟರು.

ಊರವರ ಮನೆಯ ಗಾಳಿಯನ್ನೆಲ್ಲ ಸರಿ ಮಾಡುವವಳ ಮನೆಯಲ್ಲೇ ಅತ್ತೆಗೆ ಉಸಿರಾಡಲು ಗಾಳಿಯಿಲ್ಲ! ತಂಪಕ್ಕನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ಅವರಿಲ್ಲದ ಮನೆಯನ್ನು ಅವಳಿಗೆ ಊಹಿಸಿಕೊಳ್ಳಲೂ ಆಗಲಿಲ್ಲ.

ಫಿಲ್ಟರ್ ಬದಲಿಸಿದಳು. ಅತಿನೇರಳೆ ಬೆಳಕು ಸತತವಾಗಿ ಬಿದ್ದ ಕಡೆ ಬೂಷ್ಟು ತಲೆಯೆತ್ತುವುದಿಲ್ಲ ಎಂದು ಕೇಳಿದ್ದಳು. ಅಂಥ ದೀಪವೊಂದನ್ನು ತಂದು ಹಾಲ್ ಕಡೆಯ ಬಾಗಿಲ ಹಿಂದೆ, ಯಂತ್ರದೊಳಗೆ ಕೂರಿಸಿದಳು. ದಿನಗಳು ಕಳೆದವು. ವಾಸನೆ ಹೋಗಲಿಲ್ಲ, ಕೆಮ್ಮೂ ಹೋಗಲಿಲ್ಲ.

"ದೀಪ ಉರೀತಾ ಇದೆ, ಅಮ್ಮ ಕೆಮ್ತಾ ಇದಾರೆ. ಇಬ್ರೂ ಅವರವರ ಪಾಡಿಗೆ ಇದಾರೆ ನೋಡು" ಎಂದ ಗಂಡ.

"ನೀವು ಸುಮ್ನೆ ಗುಂಡಿ ಹೊಲೀರಿ" ಎಂದು ಸಿಡುಕಿದರೂ ಆ ಮಾತು ಅವಳಿಗೆ ನಾಟಿತು. ಯಂತ್ರ ಆರಿಸಿ, ಕೋಲಿಗೆ ಪುಟ್ಟ ಕನ್ನಡಿ ಕಟ್ಟಿ, ಟಾರ್ಚು ಹಿಡಿದು, ಗಾಳಿಯನ್ನು ತಂಪು ಮಾಡುವ ಕಾಯಿಲ್‌ನ ಹಿಂದಕ್ಕೆ ತೂರಿಸಿದಳು. ಕಂಡದ್ದು ನೋಡಿ ಬೈಗುಳವೂ ಬಾಯಿಗೆ ಬರಲಿಲ್ಲ. ಕಾಯಿಲ್‌ನ ಒದ್ದೆ ಬೆನ್ನಿನ ತುಂಬ ಕಪ್ಪು ಬೂಷ್ಟು, ಕೆಳಗಿನ ತಟ್ಟೆಯಲ್ಲಿ ನಿಂತ ನೀರು. ಏನನ್ನೇ ಕೂರಿಸಿದರೂ ಮುಂದೆ ರಿಪೇರಿಗೆ ಬರುವವರ ಕೈಗೆ ಸಿಗುವಂತೆ ಕೂರಿಸಬೇಕು ಎಂಬುದು ಅವಳ ಜನ್ಮದ ವ್ರತ. ಹಾಗೆ ಮಾಡದವರನ್ನು ಬೈದೂ ಬೈದೂ ನಾಲಿಗೆ ಸವೆದಿತ್ತು. ಆ ಅಭ್ಯಾಸಬಲದಲ್ಲೇ ದೀಪವನ್ನು ಕೈಗೆ ಸಿಗುವ ಒಣ ಮುಖಕ್ಕೆ ಇಟ್ಟಿದ್ದಳು. ಬೂಷ್ಟು ಹಿಂದೆ ಆರಾಮಾಗಿ ಸಂಸಾರ ಹೂಡಿತ್ತು.

ಆ ಹಿಂಬದಿ ಅಡುಗೆಮನೆಯ ಗೋಡೆಗೆ ಅಂಟಿಕೊಂಡಿತ್ತು. ಆ ಗೋಡೆಯ ಮೇಲೆ ಅತ್ತೆಯ ಡಬ್ಬಿಗಳ ಕಪಾಟು. ಒಂದು ಡಬ್ಬಿ ಅತ್ತಿತ್ತ ಸರಿದರೂ ಮನೆಯಲ್ಲಿ ಮಹಾಯುದ್ಧ. ಮನೆ ಮಾಲೀಕರನ್ನು ಒಪ್ಪಿಸುವುದು ಸುಲಭವಾಯಿತು, ಅತ್ತೆಯ ಮುಂದೆ ನಿಲ್ಲುವುದೇ ಕಷ್ಟವಾಯಿತು.

"ಅತ್ತೆ, ಗೋಡೆ ಒಡೀಬೇಕು. ನಿಮ್ಮ ಕಪಾಟು ತೆಗೀಬೇಕಾಗುತ್ತೆ."

ಅತ್ತೆ ಕೆಮ್ಮಿ, ಸುಧಾರಿಸಿಕೊಂಡು, ಮೆಲ್ಲಗೆ ಹೇಳಿದರು. "ಒಡಿಯೇ. ಹೋಗೋಳಿಗೆ ಕಪಾಟು ಯಾಕೆ?"

ಜಗಳಕ್ಕೆ ಟೊಂಕ ಕಟ್ಟಿ ನಿಂತಿದ್ದ ತಂಪಕ್ಕನಿಗೆ ಅಳು ಒತ್ತರಿಸಿ ಬಂತು. ಅಳುತ್ತಲೇ ಉಳಿ ಸುತ್ತಿಗೆ ಹಿಡಿದಳು.

ಅತ್ತೆಯನ್ನು ಪಕ್ಕದ ಮನೆಗೆ ಕಳಿಸಿ ಗೋಡೆಯಲ್ಲಿ ಕಿಂಡಿ ಕೊರೆದಳು. ಮುಖಕ್ಕೆ ಮುಸುಕು ಕಟ್ಟಿ ಬೂಷ್ಟನ್ನೆಲ್ಲ ಉಜ್ಜಿ ತೊಳೆದಳು. ನೀರು ನಿಲ್ಲದಂತೆ ತಟ್ಟೆಯನ್ನು ಓರೆ ಮಾಡಿದಳು. ಆಮೇಲೆ ಒದ್ದೆ ಬೆನ್ನಿಗೆ ಎದುರಾಗಿ ದೀಪ ಕೂರಿಸಿದಳು. ಆ ಬೆಳಕು ಕಣ್ಣಿಗೆ ಬೀಳಬಾರದು. ಹಾಗಾಗಿ ಕಿಂಡಿಗೆ ತಗಡಿನ ಬಾಗಿಲು ಹಾಕಿ, ಅದು ತೆರೆದ ಕೂಡಲೇ ದೀಪ ಆರುವಂತೆ ಸ್ವಿಚ್ಚು ಇಟ್ಟಳು.

ಮೊದಲು ವಾಸನೆ ಹೋಯಿತು. ಕೆಮ್ಮು ಕಡಿಮೆಯಾದಂತೆ ಕಂಡರೂ ದೃಷ್ಟಿ ತಾಗೀತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಷ್ಟರಲ್ಲಿ ಮಗಳು ಕಾರು ತಂದೇಬಿಟ್ಟಳು. ಬಂದವಳೇ ಅಮ್ಮನ ಸೀರೆಗಳನ್ನು ಬ್ಯಾಗಿಗೆ ತುಂಬತೊಡಗಿದಳು. ತಂಪಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಯಾರು ಹೇಳಿದ್ರೇ ನಿನಗೆ ತುಂಬು ಅಂತ?" ಅತ್ತೆಯ ಗಂಟಲು ಖಣ್ಣೆಂದಿತು. "ಬಂದೋಳು ಕೈಕಾಲು ತೊಳೀಲಿಲ್ಲ, ನೀರು ಕುಡೀಲಿಲ್ಲ, ಹೇಗಿದೀಯಮ್ಮ ಅಂತ ಒಂದು ಮಾತು ಕೇಳ್ಲಿಲ್ಲ! ಇಸ್ತ್ರಿ ಮಾಡಿಟ್ಟ ಸೀರೇನೆಲ್ಲ ಮುದ್ದೆ ಮಾಡ್ತಾ ಇದೀಯಲ್ಲ, ನಾನೇನು ಪಾರ್ಸೆಲ್ಲಾ ಹೊತ್ಕೊಂಡು ಹೋಗೋಕೆ? ಇವಳು ನನಗೋಸ್ಕರ ಗೋಡೆ ಒಡೆದಿದಾಳೆ ಕಣೇ, ಗೋಡೆ! ಇವಳನ್ನ ಬಿಟ್ಟು ನಾನು ಬರ್ತೀನಾ?"

ಮಗಳು ಸೀರೆ ಹಿಡಿದುಕೊಂಡೇ ಬೆರಗಾಗಿ ನಿಂತಳು. ತಲೆಯ ಮೇಲಿನ ಕೊಳವೆಯಿಂದ ಎಸಿ ಗಾಳಿ ತಣ್ಣಗೆ ಬೀಸುತ್ತಿತ್ತು.

"ಅಮ್ಮಾ, ಇಷ್ಟು ಬೈದೆ, ಒಂದ್ಸಲಾನೂ ಕೆಮ್ಮಲಿಲ್ಲ!"

"ಗೆದ್ದೆ!" ಎಂದು ತಂಪಕ್ಕ ಬೀದಿಗೆಲ್ಲ ಕೇಳುವಂತೆ ಕೂಗಿ, ಜನ್ಮದಲ್ಲಿ ಮೊದಲ ಸಲ ಅತ್ತೆಯನ್ನು ಬಾಚಿ ತಬ್ಬಿಕೊಂಡಳು.

"ಬಿಡೇ, ಉಸಿರು ಕಟ್ಟುತ್ತೆ" ಎಂದರು ಅತ್ತೆ, ತಾವೂ ಅವಳನ್ನು ಬಿಗಿಯಾಗಿ ಹಿಡಿದುಕೊಂಡು.