ಹಾಡ್ಯಾಡಿ ಅಳುವ ಆಯಿ

ಸೇಡಂನಲ್ಲಿ ನಾನು ಬಾಡಿಗೆಗಿರುವ ಮನೆಯ ಹಿಂದುಗಡೆ ಮೊನ್ನೆ ಯಾರೋ ಹಂಚಿನ ಮೇಲೆ ತಂಬಾಕು ಹುರಿಯುತ್ತಿದ್ದರು. ಹುರಿದು, ಪುಡಿ ಮಾಡಿ, ಹಲ್ಲಿಗೆ ತಿಕ್ಕಿಕೊಳ್ಳುವ ಮಿಶ್ರಿ. ಈಗ ಅದು ಅಂಗಡಿಯಲ್ಲಿ ಪಾಕೀಟಿನಲ್ಲಿ ಸಿಗುವುದರಿಂದ ಮನೆಯಲ್ಲಿ ಹುರಿಯುವವರು ಕಡಿಮೆ. ಆ ಘಾಟಿಗೆ ಕಣ್ಣಲ್ಲಿ ನೀರು ಬಂತು, ಬೈದುಕೊಂಡು ಕಿಟಕಿ ಹಾಕಿದೆ. ಹಾಕಿದ ಮೇಲೆ ನೆನಪಾದದ್ದು ವಾಡಿಯಲ್ಲಿ ಹೀಗೇ ಮಿಶ್ರಿ ಹುರಿಯುತ್ತಿದ್ದ ನಮ್ಮ ಬಾಜೂ ಮನೆಯ ಮುದುಕಿ, ಆಯಿ... ಎಷ್ಟು ದಿನದಿಂದ ನೆನೆದಿರಲಿಲ್ಲವೋ.

ನಮ್ಮ ಅಪ್ಪ ವಾಡಿ ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಆಯಿಯ ಮಗ ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದ. ರೈಲ್ವೆ ಕ್ವಾರ್ಟರ್ಸಿನ ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ. ಅವರ ಮನೆಯ ಒಗ್ಗರಣೆಗೆ ನಾವು ಸೀನುತ್ತಿದ್ದೆವು, ನಮ್ಮ ಮನೆಯ ಜಗಳಕ್ಕೆ ಆಯಿ ಅಲ್ಲಿಂದಲೇ ತೀರ್ಪು ಕೊಡುತ್ತಿದ್ದಳು. ಕಾಗಿಣಾ ನದಿಯ ದಂಡೆಯ ಹಳ್ಳಿಯವಳು. ಹಣೆಯ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ, ಬಾಯಿ ತುಂಬ ಮಾತು. ಗಂಡನನ್ನು ಮಾತ್ರ ನಾನು ಆ ಮನೆಯಲ್ಲಿ ಒಮ್ಮೆಯೂ ನೋಡಿರಲಿಲ್ಲ. ಚಿಕ್ಕವರು ಕೇಳಬಾರದ ಮಾತು ಅದೆಂದು ಯಾರೂ ಹೇಳದೆಯೇ ಗೊತ್ತಿತ್ತು.

ಆಯಿಗೆ ಒಂದು ಹೆಸರಿತ್ತು, ಅಳುವುದರಲ್ಲಿ. ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹಾಡ್ಯಾಡಿ ಅಳುತ್ತಾರೆ. ಹೋದವರ ಗುಣ, ಹಟ, ಊಟ, ನಡಿಗೆ ಎಲ್ಲವನ್ನೂ ರಾಗ ಮಾಡಿ ಹೇಳಿಕೊಂಡು ಅಳುವುದು. ಅದರಲ್ಲಿ ಆಯಿಯನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಯಾರ ಮನೆಯಲ್ಲಿ ಸಾವಾದರೂ ಆಯಿಗೆ ಕರೆ ಬರುತ್ತಿತ್ತು. ಕರೆ ಬರದಿದ್ದರೂ ಆಯಿ ಹೋಗುತ್ತಿದ್ದಳು. ಅತ್ತು ಬಂದು, ಮೈ ತೊಳೆದುಕೊಂಡು, ಎರಡು ರೊಟ್ಟಿ ಉಂಡು ನಿದ್ದೆ ಮಾಡುತ್ತಿದ್ದಳು. ನನಗೆ ಆಗ ಅದು ವಿಚಿತ್ರವೆನಿಸುತ್ತಿತ್ತು.

ನಾನು ಆಗ ಶಹಾಬಾದಿನ ಕಾಲೇಜಿಗೆ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಚಿತ್ತಾಪುರದಿಂದ ಬರುವ ಗೆಳತಿಯೊಬ್ಬಳು ನನ್ನ ಫೋನಿಗೆ ಒಂದಷ್ಟು ಇಂಗ್ಲಿಷ್ ಹಾಡು ಹಾಕಿಕೊಟ್ಟಿದ್ದಳು. ಅದಕ್ಕೆ ಪೋಸ್ಟ್-ಹಾರ್ಡ್‌ಕೋರ್ ಅನ್ನುತ್ತಾರೆ ಎಂದು ಹೇಳಿದ್ದೂ ಅವಳೇ. ಗಿಟಾರು ಮೆಲ್ಲಗೆ ಶುರುವಾಗುತ್ತದೆ, ಒಬ್ಬ ಪಕ್ಕದಲ್ಲಿ ಕೂತು ಮಾತಾಡುವ ಹಾಗೆ ಏನೋ ಹೇಳುತ್ತಾನೆ, ಇದ್ದಕ್ಕಿದ್ದಂತೆ ಗಂಟಲು ಹರಿಯುವ ಹಾಗೆ ಒದರುತ್ತಾನೆ. ನನಗೆ ಬೇಕಾಗಿದ್ದು ಆ ಒದರಾಟ ಮಾತ್ರ. ಮಾತುಗಳ ಕಡೆ ನಾನು ಕಿವಿಗೊಟ್ಟಿರಲೇ ಇಲ್ಲ. ಆ ವಯಸ್ಸಿನಲ್ಲಿ ಯಾರ ಮೇಲೆ ಸಿಟ್ಟೆಂದು ತಿಳಿಯದ ಸಿಟ್ಟೊಂದಿರುತ್ತದಲ್ಲ, ಅದಕ್ಕೆ ಅಷ್ಟು ಸಾಕಾಗಿತ್ತು.

ಒಂದು ದಿನ ಇಯರ್‌ಫೋನು ಕೆಟ್ಟು, ಫೋನಿನಲ್ಲೇ ಜೋರಾಗಿ ಹಾಡು ಹಚ್ಚಿ ಮಲಗಿದ್ದೆ. ಬಾಗಿಲು ದೂಡಿಕೊಂಡು ಆಯಿ ಬಂದಳು. ತಲೆಯ ಮೇಲೆ ಸೆರಗು, ಎದೆಯ ಮೇಲೆ ಕೈ, ಅಳು ಗಂಟಲವರೆಗೆ ಬಂದು ನಿಂತಿತ್ತು.

“ಯವ್ವಾ, ಯಾರ್ ಹ್ವಾದ್ರವ್ವಾ?”

“ಯಾರೂ ಹೋಗಿಲ್ಲ ಆಯಿ. ಹಾಡದು.”

“ಹಾಡಾ? ಹಾಡ್ ಅಂದ್ರ ಹಿಂಗಿರ್ತದೇನು? ಖರೇ ಹೇಳು, ನಿಮ್ಮಪ್ಪ ಛಲೋ ಅದಾನಿಲ್ಲೋ?”

ಅಪ್ಪ ಡ್ಯೂಟಿಯಲ್ಲಿದ್ದಾನೆ, ಗಟ್ಟಿಯಾಗಿದ್ದಾನೆ ಎಂದು ಆಣೆ ಮಾಡಿ ಹೇಳಬೇಕಾಯಿತು. ನಂಬಿಕೆ ಬಂದ ಮೇಲೆ ಆಯಿ ಸೆರಗು ಇಳಿಸಿ ಅಲ್ಲೇ ಕೂತಳು. ಸ್ವಲ್ಪ ಹೊತ್ತು ಕೇಳಿ, “ಏನ್ ಅಂತಾನ ಅಂವ?” ಎಂದಳು. ನನಗೆ ಗೊತ್ತಿರಲಿಲ್ಲ. ಅಷ್ಟು ದಿನ ಕೇಳಿದ ಹಾಡು, ಒಂದು ಸಾಲಿನ ಅರ್ಥವೂ ಗೊತ್ತಿರಲಿಲ್ಲ. ಫೋನಿನಲ್ಲೇ ಹುಡುಕಿ, ಓದಿ, ತಡವರಿಸುತ್ತ ಹೇಳಿದೆ. ಅವನ ಅಣ್ಣ ಸತ್ತಿದ್ದಾನೆ. ಅಣ್ಣನ ಕಾರನ್ನು ಈಗ ಇವನು ಓಡಿಸಬೇಕು. ಸೀಟು ಅಣ್ಣನ ಕಾಲಿನ ಉದ್ದಕ್ಕೆ ಹಿಂದೆ ಸರಿದಿದೆ, ಇವನ ಕಾಲು ಎಟಕುವುದಿಲ್ಲ. ಸೀಟು ಮುಂದೆ ಎಳೆದುಕೊಳ್ಳಲು ಇವನಿಗೆ ಕೈ ಬರುತ್ತಿಲ್ಲ.

ಆಯಿ ಬಾಯೊಳಗಿನ ಮಿಶ್ರಿಯನ್ನು ಹೊರಗೆ ಹೋಗಿ ಉಗುಳಿ ಬಂದಳು.

“ಇಂವ ಅಳೋದು ಬಲ್ಲ ನೋಡು. ಹೋದಾವ್ರ ಕೈ ಆಡಿದ್ದು, ಕಾಲ್ ಆಡಿದ್ದು ಹಿಡದು ಅಳಬೇಕು. ಸುಮ್ನ ದೇವ್ರೇ ದೇವ್ರೇ ಅನ್ನೋದು ಗಾಳಿ ಗುದ್ದಿ ಮೈ ನೋಯಿಸ್ಕೊಂಡಂಗ.”

ಹೀಗೆ ಶುರುವಾಯಿತು. ಮಧ್ಯಾಹ್ನ ಆಯಿ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಬರುತ್ತಿದ್ದಳು, ಹರಳು ಆರಿಸುತ್ತ ಹಾಡಿನ ಕತೆ ಕೇಳುತ್ತಿದ್ದಳು. ಅವಳಿಗೆ ಹೇಳಬೇಕಲ್ಲ ಎಂದು ನಾನು ಮೊದಲೇ ಮಾತುಗಳನ್ನು ಓದಿಟ್ಟುಕೊಳ್ಳತೊಡಗಿದೆ. ಒದರಾಟದ ಒಳಗೆ ಇಷ್ಟು ಸಣ್ಣ ಸಣ್ಣ ಸಂಗತಿಗಳಿವೆಯೆಂದು ನನಗೆ ಗೊತ್ತಾಗಿದ್ದು ಆಗ. ಆಯಿ ಎಲ್ಲವನ್ನೂ ಮೆಚ್ಚುತ್ತಿದ್ದಳೆಂದೇನಲ್ಲ. ಹುಡುಗಿ ಬಿಟ್ಟುಹೋದಳೆಂದು ಒಬ್ಬ ಅಳುವ ಹಾಡಿಗೆ, “ಗಂಡಸಾಗಿ ಇಷ್ಟಕ್ಕ ಗಂಟಲ ಹರಕೋತಾನ? ಎರಡ ದಿನ ಹೊಲಕ್ಕ ಕಳಸ್ರಿ ಅವಗ,” ಎಂದು ನಕ್ಕಿದ್ದಳು. ಇಂಟರ್‌ನೆಟ್ಟಿನಲ್ಲಿ ಆ ಹಾಡುಗಳ ಕೆಳಗೆ ಎಲ್ಲೆಲ್ಲಿನ ಜನರೋ ತಮ್ಮ ತಮ್ಮ ಸಾವು ನೋವುಗಳನ್ನು ಬರೆದಿರುತ್ತಿದ್ದರು. ಅದನ್ನು ಓದಿ ಹೇಳಿದಾಗ, “ಇವರೆಲ್ಲಾ ಮಣ್ಣಿಗಿ ಬಂದಾವ್ರೇನು?” ಎಂದು ಕೇಳಿದಳು. ಒಂದು ರೀತಿಯಲ್ಲಿ ಹೌದು, ಸಾವಿಗೆ ಬಂದವರೇ ಎಂದೆ.

ಒಂದು ಹಾಡಿಗೆ ಮಾತ್ರ ಆಯಿ ಕೈಯಲ್ಲಿದ್ದ ಬೇಳೆಯನ್ನು ಮೊರಕ್ಕೆ ಹಾಕಿ ಎದ್ದಳು. ಆ ಹಾಡಿನಲ್ಲಿ ಕೆಲಸಕ್ಕೆಂದು ಹೋದ ಅಪ್ಪ ಮರಳಿ ಬರುವುದಿಲ್ಲ. ಸತ್ತನೋ, ಇದ್ದಾನೋ ಸುದ್ದಿಯಿಲ್ಲ. ಅವ್ವ ದಿನಾ ಸಂಜೆ ಅವನ ಊಟದ ತಾಟು ಇಡುತ್ತಾಳೆ. ಅಷ್ಟು ಹೇಳುವಷ್ಟರಲ್ಲೇ, “ಇದ್ ಬ್ಯಾಡ. ಬಂದ್ ಮಾಡು,” ಎಂದು ಹೊರಟುಹೋದಳು. ಮೊರ ಅಲ್ಲೇ ಉಳಿಯಿತು.

ರಾತ್ರಿ ಅಡಿಗೆ ಮಾಡುತ್ತ ನಮ್ಮವ್ವ ಹೇಳಿದಳು. ಮಗ ಇನ್ನೂ ಕೈಗೂಸಾಗಿದ್ದಾಗ ಆಯಿಯ ಗಂಡ ಮುಂಬೈಗೆ ದುಡಿಯಲು ಹೋಗುತ್ತೇನೆಂದು ಇದೇ ವಾಡಿಯಲ್ಲಿ ಗಾಡಿ ಹತ್ತಿದ್ದನಂತೆ. ಆಮೇಲೆ ಕಾಗದವಿಲ್ಲ, ಸುದ್ದಿಯಿಲ್ಲ.

“ಮತ್ತ ಆಯಿ ಅವನ ಸಲುವಾಗಿ ಅತ್ತಿಲ್ಲೇನು?” ಎಂದೆ.

“ಹುಚ್ಚಿ, ಹೆಣ ಕಾಣದ ಹೆಂಗ ಅಳ್ತಾಳ? ಅತ್ತರ ಕೈಯಾರೆ ಕೊಂದಂಗ. ಅಕಿ ಅತ್ತ ದಿನಾನ ಮಂದಿ ಬಂದು ಬಳಿ ಒಡೀತಾರ.”

ಊರಿನ ಎಲ್ಲರಿಗೂ ಅಳುವವಳು ತನ್ನವನಿಗೆ ಅಳುವಂತಿರಲಿಲ್ಲ. ಅತ್ತರೆ ಅವನು ಸಾಯುತ್ತಾನೆ, ಇವಳು ವಿಧವೆಯಾಗುತ್ತಾಳೆ. ಅಳದಿದ್ದರೆ ಅಷ್ಟೂ ಎದೆಯಲ್ಲೇ. ಅವ್ವ ರೊಟ್ಟಿ ತಿರುವಿ ಹಾಕಿ ಬೇರೆ ಮಾತು ತೆಗೆದಳು.

ಆಯಿ ಹಲವು ದಿನ ಬರಲಿಲ್ಲ. ಒಂದು ಮಧ್ಯಾಹ್ನ ಅವ್ವ ಗಿರಣಿಗೆ ಹೋದದ್ದನ್ನು ನೋಡಿಕೊಂಡೇ ಬಂದಳೆಂದು ಈಗ ಅನ್ನಿಸುತ್ತದೆ. ಈ ಸಲ ಬೇಳೆ ತಂದಿರಲಿಲ್ಲ.

“ಅವತ್ತ ಬ್ಯಾಡ ಅಂದಿದ್ನಲ್ಲ, ಅದನ್ನ ಹಚ್ಚು.”

“ಆಯಿ, ಬ್ಯಾರೇದು ಹಚ್ಚತೀನಿ.”

“ಅದನ್ನೇ ಹಚ್ಚು. ಕೊನಿಗಿ ಬರ್ತಾನೇನು ಅಂವ?”

ಬರುತ್ತಾನೆ ಎನ್ನಬಹುದಿತ್ತು. ಅವಳಿಗೆ ಭಾಷೆ ಬರುತ್ತಿರಲಿಲ್ಲ. ಆದರೆ ಅವಳು ನೋಡುತ್ತಿದ್ದ ರೀತಿಗೆ ಸುಳ್ಳು ಬಾಯಿಗೆ ಬರಲಿಲ್ಲ.

“ಬರಂಗಿಲ್ಲ ಆಯಿ. ಮಗ ದೊಡ್ಡಾಂವಾಗಿ, ಆ ತಾಟು ತೊಳದು ಮ್ಯಾಲ ಇಡ್ತಾನ. ಆಮ್ಯಾಲ ಒದರ್ತಾನ. ಹಾಡ್ ಮುಗೀತದ.”

ಆಯಿ ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದಳು.

“ಜೋರ್ ಮಾಡು. ಎಷ್ಟ್ ಆಗ್ತದ ಅಷ್ಟ್.”

“ಓಣಿ ಮಂದಿ ಬೈತಾರ ಆಯಿ.”

“ಬೈಲಿ. ನಿನಗ ಬೈತಾರ, ನನಗಲ್ಲ.”

ಹಾಡು ಒದರುವ ಕಡೆ ಬಂದಾಗ ಆಯಿ ಶುರುಮಾಡಿದಳು. ಮೊದಲು ನನಗೆ ಎರಡು ದನಿ ಬೇರೆ ಬೇರೆಯಾಗಿ ಕೇಳಲಿಲ್ಲ. ಆಮೇಲೆ ಕೇಳಿತು. ನೀರಿನ ದಂಡಿ ಮ್ಯಾಲ ಹುಟ್ಟಿ ನೀರಿಗಿ ಅಂಜಾಂವಾ... ರೊಟ್ಟಿ ಅಂಚ ಸೀದ್ರ ಅದೇ ನನಗ ಬೇಕ ಅಂಬಾಂವಾ... ಕೂಸಿನ ಕಾಲಿಗಿ ಗೆಜ್ಜಿ ತರ್ತೀನಿ ಅಂದಿ, ಕೂಸಿನ ಕೂದಲ ಹಣ್ಣಾದ್ವಲ್ಲೋ... ಹಾಡು ಮುಗಿದರೆ ನಾನು ಮತ್ತೆ ಹಚ್ಚುತ್ತಿದ್ದೆ. ಸದ್ದು ನಿಂತರೆ ಅವಳ ಅಳು ಓಣಿಗೆ ಕೇಳುತ್ತದೆಂದು ಬೆರಳನ್ನು ಫೋನಿನ ಮೇಲೇ ಇಟ್ಟುಕೊಂಡಿದ್ದೆ. ಕೊನೆಗೆ ಆಯಿ ಗಂಡನ ಹೆಸರು ಹಿಡಿದು ಕೂಗಿದಳು. ಆ ಕಾಲದ ಹೆಂಗಸರು ಗಂಡನ ಹೆಸರು ಹೇಳುವವರಲ್ಲ. ನಾನು ಆ ಹೆಸರು ಕೇಳಿದ್ದು ಅದೊಂದೇ ಸಲ.

ಹೊರಗೆ ಓಣಿಯಿಂದ ಯಾರೋ, “ಏ ಹುಡುಗೀ, ಸಾಕ್ ಮಾಡ, ತೆಲಿ ಒಡಿಲಿಕತ್ತದ!” ಎಂದು ಬೈದರು. ಆಯಿ ಕಣ್ಣು ಒರೆಸಿಕೊಂಡು, “ಸಾಕು ಇನ್ನ,” ಎಂದಳು. ಒಂದು ತಂಬಿಗೆ ನೀರು ಕುಡಿದಳು. ಕನ್ನಡಿಯ ಮುಂದೆ ನಿಂತು ಕುಂಕುಮ ಸರಿ ಮಾಡಿಕೊಂಡು ಹೋದಳು.

ಮರುದಿನ ನಳದ ಹತ್ತಿರ ನಾನು ಅವಳನ್ನೇ ನೋಡುತ್ತ ನಿಂತಿದ್ದೆ. “ಏನ್ ನೋಡ್ಲಿಕತ್ತಿ? ಕೊಡ ಹಚ್ಚು, ನಳ ಹೋಗ್ತದ,” ಎಂದು ಗದರಿದಳು. ಆ ಮಾತನ್ನು ಅವಳೂ ಮತ್ತೆ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಆ ಹಾಡನ್ನೂ ಮತ್ತೆ ಕೇಳಲಿಲ್ಲ.

ಮುಂದೆ ಆಯಿ ತೀರಿಕೊಂಡಾಗ ನಾನು ಕಾಳಗಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಅವ್ವ ಫೋನು ಮಾಡಿದಳು, ಸಿಕ್ಕ ಬಸ್ಸು ಹಿಡಿದು ಬಂದೆ. ಆಯಿಗೆ ಹಸಿರು ಸೀರೆ ಉಡಿಸಿದ್ದರು, ಹೊಸ ಬಳೆ, ತಲೆ ತುಂಬ ಹೂವು, ಹಣೆ ತುಂಬ ಕುಂಕುಮ. ಬಂದ ಹೆಂಗಸರೆಲ್ಲ ಕೈ ಮುಗಿದು, “ಪುಣ್ಯವಂತಿ, ಮುತ್ತೈದಿ ಆಗಿ ಹ್ವಾದ್ಲು,” ಅನ್ನುತ್ತಿದ್ದರು. ಕೆಲವರು ಆ ಕುಂಕುಮವನ್ನು ತಮ್ಮ ಹಣೆಗೂ ಹಚ್ಚಿಕೊಂಡರು.

ಹಾಡ್ಯಾಡಿ ಅಳುವವರು ಯಾರೂ ಇರಲಿಲ್ಲ. ಹಿರಿಯಳೊಬ್ಬಳು ನನ್ನ ಬೆನ್ನ ಮೇಲೆ ಕೈಯಿಟ್ಟು, “ನಿನ್ನ ಮ್ಯಾಲ ಭಾಳ ಜೀವ ಇತ್ತು ಅಕಿದು. ಎರಡ ಮಾತ ಹಾಡ್ಯಾಡಿ ಅಳವ್ವಾ,” ಎಂದಳು. ಆಯಿಯ ತಲೆಯ ಹತ್ತಿರ ಕೂತೆ. ಅವಳದೇ ಆದದ್ದನ್ನು ಹಿಡಿದು ಅಳಬೇಕು. ನನಗೆ ಗೊತ್ತಿದ್ದುದರಲ್ಲಿ ಅವಳದೇ ಆದದ್ದೆಂದರೆ ಚಿಲಕ ಹಾಕಿದ ಆ ಮಧ್ಯಾಹ್ನ ಒಂದೇ. ಅದನ್ನು ಬಾಯಿಬಿಟ್ಟರೆ ಅಷ್ಟು ಮಂದಿಯ ಎದುರು ಅವಳ ಹಣೆಯ ಕುಂಕುಮವನ್ನು ನಾನೇ ಒರೆಸಿದಂತಾಗುತ್ತಿತ್ತು. ಬಾಯಿ ಮುಚ್ಚಿಕೊಂಡು ಕೂತೆ. “ಕಲತ ಹುಡುಗೇರಿಗಿ ಅಳಲಿಕ್ಕೂ ಬರಂಗಿಲ್ಲ,” ಎಂದು ಯಾರೋ ಹಿಂದಿನಿಂದ ಅಂದರು. ಅನ್ನಲಿ ಎಂದುಕೊಂಡೆ.

ಈಗ ಆ ಕ್ವಾರ್ಟರ್ಸಿನಲ್ಲಿ ಬೇರೆ ಯಾರೋ ಇದ್ದಾರೆ, ಅಪ್ಪ ನಿವೃತ್ತನಾಗಿ ನಾವೂ ವಾಡಿ ಬಿಟ್ಟೆವು. ಆಯಿ ಇಲ್ಲವೆಂಬುದು ನನಗೆ ಇನ್ನೂ ನೋಯುತ್ತದೆ, ಸರಿಯಾಗಿ ಅಳದಿದ್ದುದಕ್ಕೇ ಇರಬೇಕು. ಇಲ್ಲಿ ಬರೆಯುವಾಗಲೂ ಅವಳ ಹೆಸರು ಬಿಟ್ಟಿದ್ದೇನೆ, ಅವಳ ಗಂಡನ ಹೆಸರಂತೂ ಬರೆಯುವ ಮಾತೇ ಇಲ್ಲ. ಊರಿನವರ ಮಟ್ಟಿಗೆ ಅವನು ಎಲ್ಲೋ ಇದ್ದಾನೆ, ಅವಳು ಮುತ್ತೈದೆ. ನನಗೆ ಮಾತ್ರ ಇಬ್ಬರೂ ಇಲ್ಲ.