ಹರಕೆಯ ಹುಂಜ, ಕುಂಟು ಹೇಂಟೆ

ನಾಗರಹಾವು ಹೆಡೆ ಎತ್ತಿದ ಕೂಡಲೇ ನಮ್ಮ ಹುಂಜ ಓಡಿಬಂದು ನನ್ನ ಸೀರೆಯ ಹಿಂದೆ ನಿಂತಿತು. ನಾಲ್ಕು ಕಿಲೋ ತೂಗುವ ಗಿರಿರಾಜ ಹುಂಜ ಅದು. ಎಷ್ಟೋ ವರ್ಷಗಳ ನಂತರ ಹಿತ್ತಲಲ್ಲಿ ಮತ್ತೆ ಕೋಳಿ ಸಾಕೋಣವೆಂದು ಕನಕಗಿರಿ ಸಂತೆಯಿಂದ ತಂದಿದ್ದೆವು. ಅತ್ತೆ ಅದನ್ನು ದ್ಯಾಮವ್ವನ ಹರಕೆಗೆ ಬಿಟ್ಟಿದ್ದರಿಂದ ದಿನವೂ ಮೊದಲ ಹಿಡಿ ಜೋಳ ಅದಕ್ಕೇ.

ಹಾವಿಗೂ ಬುಟ್ಟಿಯ ಪಕ್ಕದಲ್ಲಿದ್ದ ಏಳು ಮರಿಗಳಿಗೂ ನಡುವೆ ಎರಡು ಮೊಳ ಇತ್ತು. ಹುಂಜದ ಜೊತೆಗೇ ತಂದಿದ್ದ ಗಿನಿಕೋಳಿಗಳು ಮಾಳಿಗೆ ಏರಿ ಅರಚಿದವು. ನನ್ನ ಕಾಲು ಏಳಲಿಲ್ಲ. ಆಗ ಮರಿಗಳ ತಾಯಿ, ಒಂದು ಕಾಲು ಕುಂಟುವ ಜವಾರಿ ಹೇಂಟೆ, ಮೈ ಉಬ್ಬಿಸಿಕೊಂಡು ನಡುವೆ ಹೋಗಿ ನಿಂತಿತು. ಹಾವು ಬುಸುಗುಟ್ಟಿತು. ಹೇಂಟೆ ಹಿಂದೆ ಸರಿಯಲಿಲ್ಲ, ಎರಡು ಸಲ ಹಾರಿ ಕುಕ್ಕಿತು. ಹಾವು ನಿಧಾನವಾಗಿ ಹೆಡೆ ಇಳಿಸಿ ಕಲ್ಲುಗೋಡೆಯ ಸಂದಿಗೆ ಸರಿದುಹೋಯಿತು. ಮರಿಗಳನ್ನು ಎಣಿಸಿದೆ. ಏಳೂ ಇದ್ದವು.

ಗೋಡೆಯಾಚೆಯಿಂದ ಎಲ್ಲವನ್ನೂ ನೋಡಿದ ಪಕ್ಕದ ಮನೆಯ ಶಾಂತವ್ವ ನಮ್ಮ ಅತ್ತೆಯನ್ನು ಕೇಳಿದಳು: "ದೊಡ್ಡವ್ವಾ, ಇಂಥ ಅಂಜುಬುರಕ ಹುಂಜ ಕೊಟ್ರ ದ್ಯಾಮವ್ವ ತಗೊಂತಾಳೇನ್ರಿ?"

ಅತ್ತೆ ಜೋಳ ಹಸನು ಮಾಡುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ. "ತಗೊಳ್ದ ಏನ್ ಮಾಡ್ತಾಳ? ನಾ ಬೇಡ್ಕೊಂಡಿದ್ದು ಹುಂಜ ಕೊಡ್ತೀನಂತ, ಪೈಲ್ವಾನನ್ನ ಅಲ್ಲ."

ಅಂದಿನಿಂದ ಮೊದಲ ಹಿಡಿ ಜೋಳ ಕುಂಟು ಹೇಂಟೆಗೆ. ಹುಂಜವನ್ನು ಬೈಯಲು ಮಾತ್ರ ನನಗೆ ಬಾಯಿ ಬರುವುದಿಲ್ಲ. ಆ ಹೊತ್ತಿನಲ್ಲಿ ನನ್ನ ಮುಂದೆಯೂ ಯಾರದಾದರೂ ಸೀರೆ ಇದ್ದಿದ್ದರೆ ನಾನೂ ಅದರ ಹಿಂದೆಯೇ ಇರುತ್ತಿದ್ದೆ.